ಕುಡಿ ಪಾಠದ ಫಜೀತಿಗಳು

ಸಸ್ಯಶಾಸ್ತ್ರದ ಮೇಷ್ಟ್ರು ಬಾಯಿ ಬಿಟ್ಟರೆ ಸಾಕು, ಎಲ್ಲೋ ಒಂದು ಗಿಡಕ್ಕೆ ಗ್ರಹಚಾರ ಶುರು. ಗಿಡ ಬಚಾವಾದರೆ ಮೇಷ್ಟ್ರಿಗೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕಾರ್ಕಳದ ಒಂದು ಕಾಲೇಜಿನಲ್ಲಿ ನಾನು ಆಸೆಪಟ್ಟು ಕಲಿಸುತ್ತಿದ್ದ ಪಾಠ ಒಂದೇ: ಗಿಡದ ಕುಡಿಯಲ್ಲಿ, ಸೂಜಿಮೊನೆಯಷ್ಟು ಜಾಗದಲ್ಲಿ, ಮುಪ್ಪೇ ಬಾರದ ಕೆಲವು ಜೀವಕೋಶಗಳಿರುತ್ತವೆ. ಒಡೆದು ಒಡೆದು ಎಲೆ, ಕಾಂಡ, ಹೂವು ಎಲ್ಲವನ್ನೂ ಮಾಡುತ್ತವೆ. ತಾವು ಮಾತ್ರ ಎಳೆಯವಾಗಿಯೇ ಉಳಿಯುತ್ತವೆ. ಇಷ್ಟು ಸಣ್ಣ ಸಂಗತಿಯಿಂದ ಎಷ್ಟೆಲ್ಲ ಆಯಿತು ನೋಡಿ.

ತಲೆ ಒಂದೇ

ಹೆಜಮಾಡಿಯಲ್ಲಿ ಒಂದು ಭಾನುವಾರ ಭಾಷಣಕ್ಕೆ ಕರೆದಿದ್ದರು. "ತುದಿಯ ಕುಡಿ ಕೆಳಗಿನ ಮೊಗ್ಗುಗಳಿಗೆಲ್ಲ 'ನಾನಿದ್ದೇನೆ, ನೀವು ಮಲಗಿ' ಎಂದು ಹೇಳಿ ಕಳಿಸುತ್ತದೆ. ಅದನ್ನು ಚಿವುಟಿದರೆ ಮಲಗಿದವು ಏಳುತ್ತವೆ, ಒಂದು ಕೊಂಬೆ ಇದ್ದಲ್ಲಿ ನಾಲ್ಕಾಗುತ್ತದೆ" ಎಂದೆ. ಚಪ್ಪಾಳೆ ಬಿತ್ತು.

ಊಟ ಮುಗಿಸಿ ಬಸ್ಸಿಗೆ ಹೊರಟಾಗ ದೋಣಿ ಮಾಲಕರೊಬ್ಬರ ಹಿತ್ತಲಲ್ಲಿ ಜನ ಸೇರಿದ್ದರು. ಒಬ್ಬ ಕತ್ತಿ ಸಿಕ್ಕಿಸಿಕೊಂಡು ತೆಂಗಿನಮರ ಹತ್ತುತ್ತಿದ್ದ.

"ಎಂತ ಮಾಡುತ್ತಿದ್ದೀರಿ?"

"ನೀವು ಹೇಳಿದ್ದನ್ನೇ ಸರ್! ಒಂದು ತಲೆಯಲ್ಲಿ ಇಷ್ಟು ಕಾಯಿ ಉಂಟು. ನಾಲ್ಕು ತಲೆ ಆದರೆ?" ಎಂದರು ಮಾಲಕರು.

ತೆಂಗಿಗೆ ಮಲಗಿದ ಮೊಗ್ಗು ಎಂಬುದೇ ಇಲ್ಲ. ಇರುವ ಒಂದು ಕುಡಿ ಹೋದರೆ ಮರವೇ ಹೋಯಿತು. "ಇಳಿಯಿರಿ! ಕಡಿಯಬೇಡಿ!" ಎಂದು ಕಿರುಚಿದೆ. ಮಾಲಕರು "ಹತ್ತು, ಹತ್ತು" ಎಂದರು. ನಾನು "ಇಳಿ" ಎಂದೆ. ಅರ್ಧಮರದಲ್ಲಿ ನಿಂತವ ಕೆಳಗೆ ನೋಡಿ ಹೇಳಿದ: "ಒಂದು ತೀರ್ಮಾನ ಮಾಡಿ ಮಾರಾಯ್ರೆ. ಕೈ ಜಾರಿದರೆ ನನಗೂ ಇರುವುದು ಒಂದೇ ತಲೆ!"

ಮಾತೆಗೆ ಮೊದಲು

ಕಾಪುವಿನ ಹತ್ತಿರ ಕೊಂಕಣಿ ಮಾತಾಡುವ ಕ್ರೈಸ್ತ ಮಹಿಳೆಯೊಬ್ಬರು ಮಲ್ಲಿಗೆ ಬೆಳೆಯುತ್ತಿದ್ದರು. ಗಂಡ ಗಲ್ಫಿನಲ್ಲಿ, ಮನೆ ನಡೆಯುವುದರಲ್ಲಿ ಮಲ್ಲಿಗೆಯ ಪಾಲೂ ಇತ್ತು. ಆ ವರ್ಷ ಗಿಡಗಳು ಬರೇ ಉದ್ದ ಹೋಗಿ ಹೂ ಬಿಡದೆ ನಿಂತವು. ನಾನು ನೋಡಿ, ಸವರಿ ಹಾಕಿ ಎಂದೆ. ಧೈರ್ಯವಂತೆ, ಒಂದೇ ದಿನ ಎಲ್ಲವನ್ನೂ ಬೋಳಿಸಿದರು.

ಆಮೇಲೆ ಶುರುವಾಯಿತು ನನ್ನ ಕಷ್ಟ. ಮೊದಲ ವಾರ ಕಡ್ಡಿ. ಎರಡನೆಯ ವಾರವೂ ಕಡ್ಡಿ. ಬಸ್‌ಸ್ಟಾಂಡಿನಲ್ಲಿ ಅವರ ಕೊಡೆ ಕಂಡರೆ ನಾನು ಹಿಂದಿನ ಬಸ್ಸಿನ ಮರೆಗೆ ಹೋಗುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದೆ. "ಸರ್, ಮಲಗಿದ ಮೊಗ್ಗು ಏಳುತ್ತದೆ ಎಂದಿರಿ. ನಾನು ದಿನಾ ಐದು ಗಂಟೆಗೆ ಎದ್ದು ನೋಡುತ್ತೇನೆ. ನಾನು ಮಾತ್ರ ಏಳುವುದು!"

ಒಂದೂವರೆ ತಿಂಗಳಾಗುವಾಗ ಅವರು ನಗುತ್ತಾ ಕಾಲೇಜಿಗೇ ಬಂದರು. ಗಿಡ ತುಂಬ ಮೊಗ್ಗಂತೆ. ಅವರು ಕೊಟ್ಟ ಬಾಳೆಎಲೆಯ ಪೊಟ್ಟಣ ಬಿಚ್ಚಿದೆ. ಒಳಗೆ ಗೇಣುದ್ದದ ಮಾಲೆ.

"ಮೊದಲ ಹೂ ಒಂದು ಬುಟ್ಟಿ ಇಗರ್ಜಿಯ ಮಾತೆಗೆ ಹೋಯಿತು ಸರ್" ಎಂದರು. "ನಾನು ಪ್ರಾರ್ಥಿಸಿದ್ದಕ್ಕೆ ಅಷ್ಟು. ನೀವು ಹೇಳಿದ್ದಕ್ಕೆ ಇಷ್ಟು."

ಬೊಂಡದ ನೀರು

ಕ್ಯಾರೆಟ್ಟಿನ ಸಣ್ಣ ಚೂರನ್ನು ಬಾಟಲಿಯಲ್ಲಿಟ್ಟು ಬೊಂಡದ ನೀರು, ಅಂದರೆ ಎಳನೀರು, ಕೊಟ್ಟರೆ ಹಳೆಯ ಕೋಶಗಳು ತಮ್ಮ ಕೆಲಸ ಮರೆತು ಮತ್ತೆ ಎಳೆಯವಾಗಿ ಹೊಸ ಗಿಡ ಆಗಬಲ್ಲವು. ಇದನ್ನು ಮಕ್ಕಳಿಗೆ ಕಣ್ಣಾರೆ ತೋರಿಸುವ ಹುಚ್ಚು ನನಗೆ. ಮಣಿಪಾಲದ ಪರಿಚಯದವರು ಖಾಲಿ ಬಾಟಲಿ ಕೊಟ್ಟರು, ಕ್ಯಾರೆಟ್ ಆದಿ ಉಡುಪಿಯ ಸಂತೆಯಿಂದ ಬಂತು, ಬಾಟಲಿ ಬೇಯಿಸಿ ಶುದ್ಧ ಮಾಡಲಿಕ್ಕೆ ನಮ್ಮ ಮನೆಯ ಕುಕ್ಕರ್. ಎರಡು ಸಲ ಮಾಡಿದೆ. ಎರಡು ಸಲವೂ ಚೂರು ಕಪ್ಪಾಗಿ ಸತ್ತಿತು.

ಬೊಂಡ ಕೆತ್ತಿ ನೀರು ತುಂಬಿಡುವುದು ನಮ್ಮ ಹಿರಿಯ ಅಟೆಂಡರ್. ನಿವೃತ್ತಿಗೆ ಹತ್ತಿರದ ಸಾಧು ಮನುಷ್ಯ. ಬೇಸರದಿಂದ ಅವರೆದುರು ಕೂತು, ಆ ನೀರಿಗೆ ಮುದಿಕೋಶಗಳನ್ನು ಎಳೆಯವಾಗಿ ಮಾಡುವ ಶಕ್ತಿ ಉಂಟು ಎಂದು ವಿವರಿಸಿದೆ. ಅವರ ಮುಖ ಬದಲಾಯಿತು.

"ಸರ್, ಸತ್ಯ ಹೇಳುತ್ತೇನೆ. ನೀರು ನಾನು ಕುಡಿದೆ. ಬಾಟಲಿಗೆ ಬಾವಿಯ ನೀರು ಹಾಕಿದೆ. ಆದರೆ ನೀವು ಹೇಳುವುದು ನಿಜ, ನನ್ನ ಮೊಣಕಾಲು ನೋವು ಹೋಗಿದೆ!"

ಮೂರನೆಯ ಸಲ ಅವರೇ ಕಾವಲು ಕೂತರು. ಕೆಲವು ವಾರಗಳ ಮೇಲೆ ಗಂಟುಗಂಟಾದ ಚೂರಿನ ಮೇಲೆ ಹಸಿರು ಚುಕ್ಕೆ ಮೂಡಿತು. ಮಕ್ಕಳು ಮುಗಿಬಿದ್ದರು, ನನ್ನ ಕಣ್ಣು ತುಂಬಿತು. ಅಟೆಂಡರ್ ಮಾತ್ರ ತಮ್ಮ ಬೋಳುತಲೆ ಸವರಿಕೊಂಡು, "ಎರಡು ಬಾಟಲಿ ಕುಡಿದವನು ನಾನು, ಚಿಗುರಿದ್ದು ಇದು" ಎಂದರು.

ಹುಡುಗನ ಅಭ್ಯಾಸ

ಇದು ಎಲ್ಲಕ್ಕಿಂತ ಮೊದಲು ನಡೆದದ್ದು. ನಾನಿನ್ನೂ ಬ್ರಹ್ಮಚಾರಿ. ಕಡಿಯಾಳಿಯ ಒಬ್ಬರು ಪೋಸ್ಟ್‌ಮಾಸ್ತರರ ಮಗಳನ್ನು ನೋಡುವ ಮಾತಾಗಿತ್ತು. ಅವರು ಕಾರ್ಕಳಕ್ಕೆ ಬಂದು ಕಾಲೇಜಿನ ಎದುರಿನ ಹೋಟೆಲಿನಲ್ಲಿ ನನ್ನ ಬಗ್ಗೆ ವಿಚಾರಿಸಿದರಂತೆ. ಹೋಟೆಲಿನವರು ನನ್ನನ್ನು ಹೊಗಳುವ ಉತ್ಸಾಹದಲ್ಲಿ, "ಯಾರು, ನಮ್ಮ ಕುಡಿ ಮೇಷ್ಟ್ರಾ? ಬಂಗಾರದಂಥ ಜನ. ಮೂರು ಹೊತ್ತೂ ಕುಡಿಯದ್ದೇ ಧ್ಯಾನ. ಮಕ್ಕಳಿಗೂ ಅದನ್ನೇ ಹೇಳಿಕೊಡುವುದು" ಎಂದರು.

ಇದೊಂದೂ ನನಗೆ ತಿಳಿಯದು. ಹೆಣ್ಣು ನೋಡಲು ಹೋಗಿ ಕೂತೆ. ಪೋಸ್ಟ್‌ಮಾಸ್ತರರು ನನ್ನ ಕಣ್ಣನ್ನೇ ನೋಡುತ್ತಾ ಕೇಳಿದರು: "ನಿಮಗೆ ಕುಡಿಯುವ ಅಭ್ಯಾಸ ಉಂಟಲ್ವಾ?"

ಕಾಫಿ ಕೊಡುವುದಕ್ಕೆ ಕೇಳುತ್ತಿದ್ದಾರೆ ಎಂದು, "ಉಂಟು ಉಂಟು" ಎಂದೆ.

"ದಿನಾ?"

"ಬೆಳಗ್ಗೆ ಎರಡು, ಸಂಜೆ ಒಂದು. ಪರೀಕ್ಷೆ ಸಮಯದಲ್ಲಿ ಸ್ವಲ್ಪ ಜಾಸ್ತಿ."

"ಮದುವೆ ಆದ ಮೇಲಾದರೂ ಬಿಡುತ್ತೀರಾ?"

"ಯಾಕೆ ಬಿಡಬೇಕು? ಇಬ್ಬರೂ ಒಟ್ಟಿಗೆ ಕೂತು ಕುಡಿಯಬಹುದಲ್ಲ!"

ಅವರು ಎದ್ದು ನಿಂತರು. ಸಂಬಂಧ ಅಲ್ಲಿಗೇ ಮುರಿಯುತ್ತಿತ್ತು. ಅಷ್ಟರಲ್ಲಿ ಬಾಗಿಲ ಹಿಂದೆ ಕಾಫಿ ಹಿಡಿದು ನಿಂತಿದ್ದ ಹುಡುಗಿ ನಕ್ಕು ನಕ್ಕು ಲೋಟದ ಕಾಫಿ ಚೆಲ್ಲಿದಳು. "ಅಪ್ಪಾ, ಅವರು ಹೇಳುವುದು ಕಾಫಿಯ ವಿಷಯ. ಹೋಟೆಲಿನವರು ಹೇಳಿದ್ದು ಗಿಡದ ಕುಡಿ. ನಮಗೂ ಪಿಯುಸಿಯಲ್ಲಿ ಪಾಠ ಇತ್ತು!" ಎಂದು ಅಂಗಳದ ದಾಸವಾಳದ ತುದಿ ಚಿವುಟಿ ತಂದು ತಂದೆಯ ಅಂಗೈಯಲ್ಲಿಟ್ಟಳು. ಆ ಕ್ಷಣದಲ್ಲೇ ನಾನು ಮನಸ್ಸಿನಲ್ಲಿ ಒಪ್ಪಿದೆ.

ಪೋಸ್ಟ್‌ಮಾಸ್ತರರೂ ಒಪ್ಪಿದರು. ಆದರೆ ಪೂರ್ತಿ ನಂಬಿದ್ದರೋ ಇಲ್ಲವೋ! ಧಾರೆಯ ದಿನ ನನ್ನ ಪೇಟ ಸರಿಮಾಡುವ ನೆಪದಲ್ಲಿ ಹತ್ತಿರ ಬಂದು, ಮೂಗಿಗೆ ಮೂಗು ತಾಗುವಂತೆ ನಿಂತು, ಮೆಲ್ಲಗೆ ಹೇಳಿದರು: "ಒಮ್ಮೆ ಜೋರಾಗಿ ಉಸಿರು ಬಿಡಿ ನೋಡುವ."