ಬಾಣಂತಿಯ ಅಟ್ಟಕ್ಕೆ ಬಿಸಿ ಏರ್ಪಾಟು

ಹೆಂಡತಿಯ ಬಾಣಂತನ ಮುಂಬೈ ಬಳಿಯ ನಮ್ಮ ಕಳವಾ ಊರಿನಲ್ಲೇ ಆಗಲಿ ಎಂದು ಘೋಷಿಸಿದವನು ನಾನು. ಸುಮತಿ ಪಕ್ಕದ ಠಾಣೆ ಪೇಟೆಯ ಆಸ್ಪತ್ರೆಯಲ್ಲಿ ಹೆಣ್ಣುಮಗು ಹೆತ್ತು ಮಲಗಿದ್ದಳು. ಆಗ ಉಡುಪಿಯಿಂದ ಅತ್ತೆಯ ಪತ್ರ ಬಂತು: “ಜನವರಿ ಚಳಿ. ತಾಯಿ ಮಗುವಿಗೆ ಬೆಚ್ಚಗಿನ ಕೋಣೆ ಬೇಕು. ಇಲ್ಲದಿದ್ದರೆ ಇಬ್ಬರನ್ನೂ ಊರಿಗೆ ಕರಕೊಂಡು ಹೋಗುತ್ತೇನೆ.”

ಮಗಳ ಮುಖ ಸರಿಯಾಗಿ ನೋಡುವ ಮೊದಲೇ ಅವಳನ್ನು ಬಸ್ಸು ಹತ್ತಿಸುವುದೇ? ಸಾಧ್ಯವಿಲ್ಲ! ನಮ್ಮದು ಚಾಳಿನ, ಅಂದರೆ ವಠಾರದ, ಒಂದೇ ಕೋಣೆ. ಸಾಮಾನು ತುಂಬಿದ್ದ ಅಟ್ಟವನ್ನು ಖಾಲಿ ಮಾಡಿ, ಹಲಗೆ ಹೊಡೆಸಿ, ಬಾಣಂತಿ ಕೋಣೆಯಾಗಿ ಪರಿವರ್ತಿಸಿದೆ. ಉಳಿದದ್ದು ಬಿಸಿ ಏರ್ಪಾಟು ಒಂದೇ.

ಪಕ್ಕದ ಕೋಣೆಯ ಬಸಪ್ಪ ವಿಜಾಪುರದವನು, ಮೂರು ಮಕ್ಕಳ ತಂದೆ. ಅಂದರೆ ತಜ್ಞ!

“ಇದ್ದಲಿ ಶೇಗಡಿ ಇಡ್ರಿ ಸಾಹೇಬ್ರ. ನಮ್ಮ ಕಡೆ ಹೊರಸಿನ ಬುಡಕ ಬೆಂಕಿನ ಇಡ್ತಾರ.”

ಇಟ್ಟೆ. ಹಂಚಿನ ಸಂದಿನಿಂದ ಹೊಗೆ ಹೊರಟದ್ದೇ ತಡ, “ಆಗ್ ಲಗೀ!” ಎಂದು ಇಡೀ ಚಾಳು ಬಕೆಟ್ ಹಿಡಿದು ನುಗ್ಗಿತು. ಶೇಗಡಿಗೆ ಬಿದ್ದ ನೀರು ಕಡಿಮೆ, ನನಗೆ ಬಿದ್ದದ್ದೇ ಜಾಸ್ತಿ.

ಇನ್ನು ಆಧುನಿಕ ಮಾರ್ಗವೇ ಸರಿ ಎಂದು ಠಾಣೆ ಸ್ಟೇಷನ್ ಬಳಿಯ ಅಂಗಡಿಯಲ್ಲಿ ಕರೆಂಟಿನ ಹೀಟರ್ ಕೇಳಿದೆ. ಅಂಗಡಿಯವ ನನ್ನ ಬೆವರಿದ ಅಂಗಿ ನೋಡಿ, “ಶಿಮ್ಲಾ ಜಾ ರಹೇ ಹೋ ಕ್ಯಾ?” ಎಂದ. ಶಿಮ್ಲಾಕ್ಕೆ ಹೊರಟಿದ್ದೀರಾ ಅಂತ! ಭಾನುವಾರ ಸಂಜೆ ಸ್ವಿಚ್ ಒತ್ತಿದೆ. ಟಪ್! ಚಾಳಿಗೆಲ್ಲ ಕತ್ತಲು. ಅಲ್ಲಿದ್ದ ಒಂದೇ ಟಿವಿಯಲ್ಲಿ ಹೀರೋ ವಿಲನ್ನಿಗೆ ಹೊಡೆಯಲು ಕೈ ಎತ್ತಿದ್ದನಂತೆ. ಅವನು ಬಾಕಿ ಉಳಿಸಿದ್ದನ್ನು ಪೂರೈಸಲು ಪ್ರೇಕ್ಷಕರೆಲ್ಲ ನನ್ನ ಬಾಗಿಲಿಗೆ ಬಂದರು!

ಕೊನೆಗೆ ಇನ್ನೂರು ವ್ಯಾಟಿನ ಬಲ್ಬೊಂದನ್ನು ಇಳಿಬಿಟ್ಟು, ಸುತ್ತ ಕಂಬಳಿ ಹೊಡೆದೆ. ಅಟ್ಟ ಇಡ್ಲಿ ಪಾತ್ರೆಯಂತಾಯಿತು. ಗೆದ್ದೆ!

ಮರುದಿನ ಅತ್ತೆ ಬಂದಿಳಿದರು. ಆಸ್ಪತ್ರೆಯಿಂದ ಸುಮತಿಯನ್ನೂ ಮಗುವನ್ನೂ ರಿಕ್ಷಾದಲ್ಲಿ ಕರೆತಂದೆವು. ನಾನು ಹೆಮ್ಮೆಯಿಂದ ಮೇಲಕ್ಕೆ ಕೈ ತೋರಿಸಿದೆ. ಅತ್ತೆ ಅಟ್ಟ ನೋಡಿದರು. ಅದಕ್ಕೆ ಆನಿಸಿದ್ದ ಕಡಿದಾದ ಏಣಿ ನೋಡಿದರು. ನನ್ನನ್ನು ನೋಡಿದರು.

“ಅಲ್ಲ ಮಾರಾಯ್ರೇ, ಹೊಲಿಗೆ ಹಾಕಿದ ಬಾಣಂತಿ ಇದನ್ನು ಹತ್ತುವುದು ಹೇಗೆ?”

ಅದೊಂದನ್ನು ನಾನು ಯೋಚಿಸಿರಲಿಲ್ಲ.

ಸುಮತಿ ಗೋಡೆ ಹಿಡಿದು ನಿಂತು, “ನಗಿಸಬೇಡಿ, ಹೊಲಿಗೆ ನೋಯ್ತದೆ!” ಎಂದು ನರಳುತ್ತಲೇ ನಕ್ಕಳು. ಆ ನಗು ನೋಡಿಯೋ ಏನೋ, ಅತ್ತೆ ಊರಿನ ಮಾತೆತ್ತಲಿಲ್ಲ. ಕಿಟಕಿಗೆ ದಪ್ಪ ಸೀರೆ ಕಟ್ಟಿ, ಮಗಳನ್ನೂ ಮೊಮ್ಮಗಳನ್ನೂ ಕೆಳಗೇ ಮಲಗಿಸಿ, ಪಕ್ಕದಲ್ಲಿ ತಾವೂ ಮಲಗಿದರು. ಕೋಣೆ ಭರ್ತಿಯಾಯಿತು.

ಹೀಗೆ ನಲವತ್ತು ದಿನ ಅಟ್ಟದಲ್ಲಿ ಬೆಚ್ಚಗೆ ಮಲಗಿದವನು ನಾನೊಬ್ಬನೇ. ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ ಬಸಪ್ಪ ಎಲ್ಲರಿಗೂ ಕೇಳುವಂತೆ ವಿಚಾರಿಸುತ್ತಿದ್ದ:

“ಸಾಹೇಬ್ರ, ನಿಮ್ಮ ಬಾಣಂತನ ಚಲೋ ನಡದೈತಿಲ್ರಿ?”