ಹಾಲ್ವರ್ಸನ್ನರ ಹಿತ್ತಿಲಿನ ಹಕ್ಕಿ ಗಣತಿ

ಮೂವತ್ತೆಂಟು ವರ್ಷ ಇಡೀ ಕೌಂಟಿಯ ನೆಲವನ್ನು ಅಂಗುಲ ತಪ್ಪದಂತೆ ಅಳೆದು ನಿವೃತ್ತರಾದ ಓರಿನ್ ಹಾಲ್ವರ್ಸನ್ನರಿಗೆ, ಅಡುಗೆಮನೆ ಬಾಗಿಲಿನಿಂದ ಹನ್ನೆರಡು ಅಡಿಯಲ್ಲಿ ತೂಗುಹಾಕಿದ ಕಾಳಿನ ಗೂಡಿಗೆ ಒಂದೇ ಒಂದು ಹಕ್ಕಿ ಬಾರದಿದ್ದುದು ಸಹಿಸಲಾಗದ ಅವಮಾನವಾಗಿತ್ತು. ಮಿನೆಸೋಟದ ಆ ಊರಿನ ಪಕ್ಷಿ ಸಂಘದ ಚಳಿಗಾಲದ ಗಣತಿ ಅಂದು ಸಂಜೆ ಐದಕ್ಕೆ ಮುಗಿಯುವುದಿತ್ತು. ಪಕ್ಕದ ಮನೆಯ ಲವೋನ್‌ಳ ಪಟ್ಟಿಯಲ್ಲಿ ಹನ್ನೊಂದು ಜಾತಿ. ಇವರ ಪಟ್ಟಿಯಲ್ಲಿ ಒಂದು ಅಳಿಲು (ಅದೂ ದೂರಿನ ರೂಪದಲ್ಲಿ).

ಆ ಅಳಿಲನ್ನು ತಡೆಯಲೆಂದೇ ಅವರು ಬೆಳಗಿನ ಏಳರಿಂದ ಗೂಡಿನ ಕೆಳಗೆ ಮಡಚುವ ಕುರ್ಚಿ ಹಾಕಿ, ಹಿಮ ಎತ್ತುವ ಸಲಿಕೆ ಹಿಡಿದು ಆಸೀನರಾಗಿದ್ದರು.

“ಒಳಗೆ ಬಾ ಓರಿನ್,” ಎಂದಳು ಹೆಂಡತಿ ಬರ್ನಿಸ್, ಕಿಟಕಿಯಿಂದ. “ನಿನ್ನ ಮುಖ ನೋಡಿ ಅಂಚೆಯವನೇ ಆ ಕಡೆ ದಾಟ್ತಾನೆ, ಇನ್ನು ಹಕ್ಕಿ ಬರತ್ತಾ?”

“ಗಂಟೆಗೆ ನೂರ ನಲವತ್ತು ಕಾಳು ತಿಂದಿದೆ ಆ ಕಳ್ಳ. ಎಣಿಸಿದ್ದೀನಿ.”

“ಪಾಪ, ಅದಕ್ಕೂ ಜೊತೆಗೊಬ್ಬರು ಬೇಕಲ್ಲ.”

“ಲವೋನ್ ಕಾಳಿಗೆ ಏನೋ ಬೆರೆಸ್ತಾಳೆ.”

“ಏನೂ ಬೆರೆಸಲ್ಲ. ಕಾಳು ಹಾಕಿ ಒಳಗೆ ಹೋಗ್ತಾಳೆ.”

ಹಾಲ್ವರ್ಸನ್ನರು ಕುರ್ಚಿಯನ್ನು ಗೂಡಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಊಟದ ನಂತರದ ಹಿತವಾದ ಬಿಸಿಲೂ ಬೆಳಗಿನಿಂದ ಸಿಟ್ಟು ಮಾಡಿದ ದಣಿವೂ ಸೇರಿ ಅವರ ಕಣ್ಣುಗಳನ್ನು ಮುಚ್ಚಿದವು.

ಎಚ್ಚರವಾದಾಗ ನಾಲ್ಕು ಗಂಟೆ ಐವತ್ತೆರಡು ನಿಮಿಷ. ಕಿಟಕಿಯಲ್ಲಿ ಬರ್ನಿಸ್ ಮತ್ತು ಲವೋನ್, ಅಲುಗಾಡಬೇಡವೆಂದು ಕೈಸನ್ನೆ ಮಾಡುತ್ತಿದ್ದರು. ತಮ್ಮದೇ ಹಿತ್ತಿಲಿನಲ್ಲಿ ತಮಗೇ ಅಪ್ಪಣೆ! ಹಾಲ್ವರ್ಸನ್ನರು ಗುಡುಗುತ್ತ ಎದ್ದರು. ತಲೆಯ ಮೇಲಿಂದ ಏನೋ ಬುರ್ರೆಂದು ಹಾರಿತು.

“ನೀನು ನಿದ್ದೆ ಹೋದ ಮೇಲೆ ಹದಿಮೂರು ಜಾತಿ ಬಂದವು,” ಬರ್ನಿಸ್ ಹೊರಬಂದು ಕಾಗದ ಚಾಚಿದಳು. “ನಿನ್ನ ಟೋಪಿ ಮೇಲೆ ಹಳದಿ ಗ್ರೋಸ್‌ಬೀಕ್ ಹಕ್ಕಿ. ಇಪ್ಪತ್ತು ನಿಮಿಷ ಕೂತಿತ್ತು. ನೀನು ಮೂರು ಚಳಿಗಾಲದಿಂದ ಕಾಯ್ತಿದ್ದೆಯಲ್ಲ, ಅದೇ.”

“ಅಳಿಲು?”

“ನಿನ್ನ ತೊಡೆ ಮೇಲೆ ಕೂತು ತಿಂತಿತ್ತು.”

“ನೀವೇ ಗೆದ್ದಿರಿ ಬಿಡಿ,” ಎಂದಳು ಲವೋನ್.

ಹಾಲ್ವರ್ಸನ್ನರು ಪೆನ್ನು ತೆಗೆದವರು ಹಾಗೆಯೇ ನಿಂತರು. ಸದಸ್ಯರು ಸ್ವತಃ ಕಣ್ಣಾರೆ ಕಾಣದ ಹಕ್ಕಿ ಲೆಕ್ಕಕ್ಕಿಲ್ಲವೆಂಬ ಏಳನೆಯ ನಿಯಮ ನೆನಪಾಗಿತ್ತು. ಲವೋನ್‌ಳ ಗಂಡ ಸ್ನಾನದ ಮನೆಯಿಂದ ಕಂಡಿದ್ದ ಮರಕುಟಿಗವನ್ನು ಅವಳ ಪಟ್ಟಿಯಿಂದ ತೆಗೆಸಲು, ಕಳೆದ ವರ್ಷ ಆ ನಿಯಮವನ್ನು ಬರೆದು, ಮೂರು ಬಾರಿ ತಿದ್ದಿ, ಸಂಘದ ಅಂಗೀಕಾರ ಪಡೆದವರು ಅವರೇ.

ಕಂಡ ಜಾತಿಗಳು: ಸೊನ್ನೆ, ಎಂದು ಬರೆದರು. ‘ಹಕ್ಕಿ ಕಾಣದಿರಲು ಕಾರಣ’ ಎಂಬ ಅಂಕಣದ ಮುಂದೆ ಪೆನ್ನು ಬಹಳ ಹೊತ್ತು ತಡೆಯಿತು. ಕೊನೆಗೆ, ಸತ್ಯಕ್ಕೆ ಚ್ಯುತಿ ಬರಬಾರದೆಂದು, ಹಲ್ಲು ಕಚ್ಚಿಕೊಂಡು ತಮ್ಮ ಪೂರ್ತಿ ಹೆಸರನ್ನು ಅಲ್ಲಿ ಬರೆದರು.