ಫ್ಯೂಜು ಕಿಸೆಯಲ್ಲಿ, ವಿಮಾನ ನೆಲದಲ್ಲಿ

ಮಕ್ಕಳೇ, ನಿಮ್ಮ ಸಣ್ಣ ಮುತ್ಯಾನ ಜೊತೆ ಪ್ರಯಾಣ ಹೊರಟವರಿಗೆ ಈವರೆಗೆ ಒಂದೇ ಒಂದು ಅಪಘಾತವಾಗಿಲ್ಲ. ಯಾಕೆ ಗೊತ್ತೇ? ಅಪಘಾತವಾಗಬೇಕಾದರೆ ಮೊದಲು ಗಾಡಿ ಹೊರಡಬೇಕಲ್ಲ!

ಅವನು ನನ್ನ ಮೈದುನ, ನಿಮ್ಮ ಮುತ್ಯಾನ ಬೆನ್ನಿಗೆ ಬಿದ್ದ ತಮ್ಮ. ಮನೆ ಕಮಲಾಪುರದಲ್ಲಿ. ದುಡಿದದ್ದೆಲ್ಲ ಕಲಬುರಗಿಯ ನಂದೂರಿನ ದಾಲ್‌ಮಿಲ್ಲುಗಳಲ್ಲಿ, ಮಷೀನು ರಿಪೇರಿ ಮಾಡುವ ಮಿಸ್ತ್ರಿಯಾಗಿ. ಅವನ ಮೇಲೆ ನನಗೆ ಸಿಟ್ಟಿದೆ. ನಾಲ್ಕು ಜನ ಕೂತಲ್ಲಿ ನೀರು ಕೇಳುವುದಕ್ಕೂ ನಾಚುವವಳು ನಾನು, ಬಾಯಿಬಿಟ್ಟು ಬೈಯುವುದು ಎಲ್ಲಿಂದ ಬರಬೇಕು? ಅದಕ್ಕೇ ಬರೆಯುತ್ತಿದ್ದೇನೆ. ಕಾಗದವಾದರೆ ತಿರುಗಿ ಮಾತಾಡುವುದಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಆಟೋದವರನ್ನು ಕೇಳಿ ನೋಡಿ. ದೂರದಿಂದ ಅವನ ಬಿಳಿ ಟೋಪಿ ಕಂಡರೆ ಸಾಕು, ಖಾಲಿ ಆಟೋ ಕೂಡ ಭರ್ತಿಯಾದಂತೆ ಓಡಿಹೋಗುತ್ತದೆ! ಹತ್ತುವ ಮೊದಲು ಅವನು ಬಗ್ಗಿ ಟೈರಿನ ಮೇಲೆ ಹೆಬ್ಬೆರಳು ತಿಕ್ಕುತ್ತಾನೆ. ಹ್ಯಾಂಡಲ್ ಅಲುಗಿಸುತ್ತಾನೆ. "ಒಮ್ಮಿ ಬ್ರೇಕ್ ಒತ್ತು, ನೋಡಮು" ಅನ್ನುತ್ತಾನೆ. ಒಬ್ಬ ಆಟೋದವನಂತೂ ತಾಳಲಾರದೆ ಕೇಳಿಯೇಬಿಟ್ಟ: "ಚಾಚಾ, ಸವಾರಿ ಮಾಡ್ತಿರೋ, ಆಟೋ ಖರೀದಿ ಮಾಡ್ತಿರೋ?" ನಾನು ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಬಿಸಿಲಲ್ಲಿ ನಿಂತಿದ್ದೆ. ಆಟೋ ಹೋಯಿತು. ಮುಂದಿನದೂ ಹೋಯಿತು. ನಡೆದುಕೊಂಡೇ ನಮ್ಮ ಮನೆಗೆ ಬಂದೆವು. "ನೋಡ್ರಿ ವೈನಿ, ಸುರಕ್ಷಿತ ಬಂದೇವಿಲ್ಲ?" ಅಂದ. ಬಂದೆವು, ಯಪ್ಪಾ! ಕಾಲೊಂದು ಬಿಟ್ಟು ಉಳಿದದ್ದೆಲ್ಲ ಸುರಕ್ಷಿತ ಬಂತು!

ನಿಮ್ಮ ಅಪ್ಪನಿಗೆ ಹೆಣ್ಣು ನೋಡಲು ಹೋದಾಗಿನ ಕಥೆ ಇನ್ನೂ ಚೆಂದ. ನಾವೆಲ್ಲ ಪಡಸಾಲೆಯಲ್ಲಿ ಕೂತು ಹುಡುಗಿಯನ್ನು ನೋಡುತ್ತಿದ್ದರೆ, ಇವನು ಒಳಗಿನ ಸೀಟಿಯ ಸದ್ದು ಕೇಳಿ ಎದ್ದುಹೋದ. ಬೀಗರ ಅಡುಗೆಮನೆಗೆ ನುಗ್ಗಿ ಕುಕ್ಕರ್ ಇಳಿಸಿ, ಅದರ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತಿನೊಳಗೆ ಇಣುಕುತ್ತಿದ್ದ. ಹೊರಗೆ ಬಂದ ಮೇಲೆ ನಿಮ್ಮ ಮುತ್ಯಾ ಮೆಲ್ಲಗೆ ಕೇಳಿದರು, "ಹೆಂಗ ಅನಸ್ತದೋ?"

"ವಾಷರ್ ಸವದದ" ಅಂದ.

ಆ ಹುಡುಗಿಯೇ ನಿಮ್ಮ ಅವ್ವ. ಮದುವೆಯ ಮೊದಲೇ ಅವರ ಮನೆಯಲ್ಲಿ ಹೊಸ ವಾಷರ್ ಬಂತು.

ಇನ್ನು ಫ್ಯೂಜಿನ ಮಾತು. ಮಿಲ್ಲಿನಲ್ಲಿ ಮಿಸ್ತ್ರಿ ಮಷೀನಿನೊಳಗೆ ತಲೆ ಹಾಕಿ ಕೆಲಸ ಮಾಡುವಾಗ ಹೊರಗಿನವರು ಮರೆತು ಬಟನ್ ಒತ್ತಿದರೆ ಮುಗಿಯಿತು ಕಥೆ. ಹಾಗಾಗಿ ಅವನು ಮೊದಲು ಬೋರ್ಡಿನ ಫ್ಯೂಜು ಕಿತ್ತು ತನ್ನ ಕಿಸೆಗೆ ಹಾಕಿಕೊಳ್ಳುತ್ತಿದ್ದ. ಫ್ಯೂಜು ಮಿಸ್ತ್ರಿಯ ಕಿಸೆಯಲ್ಲಿ ಇರುವಷ್ಟು ಹೊತ್ತು ಮಾಲಕನೂ "ಎಷ್ಟು ಹೊತ್ತೋ?" ಎಂದು ಕೇಳುವಂತಿಲ್ಲ. ಅವರ ಕಸುಬಿನ ಕಟ್ಟಳೆ ಅದು. ಒಳ್ಳೆಯದೇ. ಆದರೆ ಒಮ್ಮೆ ಮೇ ತಿಂಗಳಲ್ಲಿ ನಮ್ಮ ಮನೆಯ ಫ್ಯಾನು ರಿಪೇರಿ ಮಾಡಿದ. ಚಹಾ ಕುಡಿದ. ಬಸ್ಸು ಹತ್ತಿ ಕಮಲಾಪುರಕ್ಕೆ ಹೋದ. ಇತ್ತ ಮನೆಯಲ್ಲಿ ಒಂದು ಬಟನ್ನೂ ಜೀವ ಹಿಡಿಯುತ್ತಿಲ್ಲ! ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ, ರೊಟ್ಟಿಯನ್ನು ಹಂಚಿಲ್ಲದೆ ಸುಡಬಹುದಾದ ಹೊತ್ತು! ಫೋನು ಮಾಡಿದೆ.

"ಯಪ್ಪಾ, ಫ್ಯೂಜ್ ಎಲ್ಲಿಟ್ಟಿ?"

"ನನ್ನ ಕಿಸೆದಾಗೇ ಅದ ವೈನಿ. ನೀವೇನೂ ಹೆದರಬ್ಯಾಡ್ರಿ, ಯಾರೂ ಚಾಲೂ ಮಾಡಾಂಗಿಲ್ಲ!"

ಇಂಥವನನ್ನು ಏನು ಮಾಡಬೇಕು ಹೇಳಿ?

ಅವನಿಗೂ ಒಂದು ಸಿಟ್ಟಿತ್ತು. "ನಡೀತದ" ಎಂಬ ಒಂದೇ ಮಾತಿನ ಮೇಲೆ. ನಂದೂರಿನ ದೊಡ್ಡ ಮಿಲ್ಲುಗಳಲ್ಲಿ ತಿರುಗುವ ಬೆಲ್ಟಿಗೆ ಕಬ್ಬಿಣದ ಜಾಳಿಗೆ ಇರುತ್ತಿತ್ತು, ಕೈ ಸಿಕ್ಕಬಾರದೆಂದು. ಸಣ್ಣ ಮಿಲ್ಲಿಗೆ ಹೋಗಿ ಜಾಳಿಗೆ ಎಲ್ಲಿ ಎಂದು ಕೇಳಿದರೆ ಮಾಲಕ, "ನಮ್ಮದು ಸಣ್ಣ ಮಿಲ್ಲು, ನಡೀತದ ಬಿಡು" ಅನ್ನುತ್ತಿದ್ದ. ಇವನು ನಮ್ಮ ಮನೆಗೆ ಬಂದು ತಾಟಿನ ಮುಂದೆ ಕೂತು ಹಲ್ಲು ಕಡಿಯುತ್ತಿದ್ದ: "ದೊಡ್ಡ ಮಿಲ್ಲಿನ ಬೆಲ್ಟಿಗಿ ಜಾಳಗಿ, ಸಣ್ಣ ಮಿಲ್ಲಿನ ಬೆಲ್ಟಿಗಿ ದೇವರ ಫೋಟೋ! ಬೆರಳು ಎರಡೂ ಕಡಿ ಒಂದ ನಮೂನಿ ಇರ್ತಾವಿಲ್ಲ ವೈನಿ?"

ಈಗ ನನ್ನ ಸಿಟ್ಟಿಗೆ ಬರುತ್ತೇನೆ.

ಒಂದು ದಿನ ಮುಂಜಾನೆ ನನ್ನ ಎಡಗಣ್ಣಿನ ಮೂಲೆಯಲ್ಲಿ ಕರಿಯ ಪರದೆಯೊಂದು ಇಳಿದಂತಾಯಿತು. ಡಾಕ್ಟರು ದೀಪ ಹಿಡಿದು ನೋಡಿ, ಕಣ್ಣಿನ ಹಿಂಬದಿಯ ಪೊರೆ, ರೆಟಿನಾ ಅಂತಾರಲ್ಲ ಅದು, ಕಳಚಿಕೊಳ್ಳುತ್ತಿದೆ ಅಂದರು. ನಡುಮಧ್ಯಕ್ಕೆ ಬರುವ ಮೊದಲೇ ಬೆಂಗಳೂರಿನಲ್ಲಿ ಆಪರೇಷನ್ ಆಗಬೇಕು, ಒಂದೊಂದು ದಿನವೂ ಲೆಕ್ಕ, ಅಂದರು. ನಿಮ್ಮ ಮುತ್ಯಾ ಆಗಲೇ ತೀರಿಹೋಗಿದ್ದರು. ನಿಮ್ಮ ಅಪ್ಪ ಊರಲ್ಲಿರಲಿಲ್ಲ, ಅಂದಿನ ಸಂಜೆಯ ರೈಲು ಹೋಗಿಯಾಗಿತ್ತು, ಫೋನಿನಲ್ಲೇ ಮರುದಿನದ ವಿಮಾನಕ್ಕೆ ಟಿಕೆಟ್ ತೆಗೆಸಿದ. ಜೊತೆಗೆ ಯಾರು? ಇವನೇ!

ಇವನು ಒಮ್ಮೆ ಮಿಲ್ಲಿನ ಮಾಲಕರೊಂದಿಗೆ ಹೈದರಾಬಾದಿನಿಂದ ದಿಲ್ಲಿಗೆ ದೊಡ್ಡ ಕಂಪನಿಯ ದೊಡ್ಡ ವಿಮಾನದಲ್ಲಿ ಹೋಗಿಬಂದಿದ್ದ. ನಮ್ಮೂರಿಗೆ ಬರುವುದು ಸಣ್ಣ ಕಂಪನಿಯ ಸಣ್ಣ ವಿಮಾನ, ರೆಕ್ಕೆಯ ಮೇಲೆ ಎರಡು ಫಂಕಾ ತಿರುಗುವಂಥದ್ದು. ಫಂಕಾ ಅವನ ಮನಸ್ಸಿಗೆ ಬಂತು. "ಇದು ಚಲೋ ಅದ. ತಿರಗ್ತದೋ ಇಲ್ಲೋ ಕಣ್ಣಿಗಿ ಕಾಣ್ತದ. ದೊಡ್ಡದರಾಗ ಡಬ್ಬಿ ಒಳಗ ಮುಚ್ಚಿಟ್ಟಿರ್ತಾರ!" ಅಂದ. ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಮುಗಿಯುತ್ತದೆಯೇ? ಕೌಂಟರಿನಲ್ಲಿದ್ದ ಹುಡುಗಿಗೆ ಗಂಟುಬಿದ್ದ.

"ತಂಗಿ, ದೊಡ್ಡ ಕಂಪನಿ ಪೈಲಟ್ ಎಷ್ಟು ತಾಸು ನಿದ್ದಿ ಮಾಡಿ ಬರ್ತಾನ? ನಿಮ್ಮ ಪೈಲಟ್ ಎಷ್ಟು?"

"ಅಂಕಲ್, ಇಬ್ಬರಿಗೂ ಒಂದೇ ನಿಯಮ."

"ಅಲ್ಲಿ ವಿಮಾನದಾಗ ಬೆಲ್ಟ್ ಕಟ್ಟೂದು ತೋರಸ್ಲಾಕ ನಾಕು ಮಂದಿ ಇದ್ರು. ನಿಮ್ಮಲ್ಲಿ ಇಬ್ಬರೇ ಅಂತ?"

"ಸೀಟು ಕಮ್ಮಿ ಇದಾವಲ್ಲ, ಅಂಕಲ್. ತಪಾಸಣೆ ಮಾಡೋ ಸರ್ಕಾರಿ ಕಚೇರಿ ಒಂದೇ, ಕಾನೂನು ಒಂದೇ."

"ನಂದೂರಾಗೂ ಕಾನೂನು ಒಂದೇ ಇತ್ತವ್ವಾ. ಗ್ವಾಡಿಗಿ ತೂಗ ಹಾಕಿದ್ರು."

ಹಿಂದೆ ಸಾಲು ಬೆಳೆಯಿತು. ನಾನು ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು, ಭೂಮಿ ಬಾಯಿಬಿಡಬಾರದೇ ಎಂದು ಕಾಯುತ್ತಿದ್ದೆ. ಯಾರೋ ಕೂಗಿದರು, "ಮುತ್ಯಾ, ಅಷ್ಟು ಹೆದರಿಕಿ ಇದ್ರ ಎತ್ತಿನ ಗಾಡಿ ಹೂಡ್ರಿ!"

"ಅದನ್ನೂ ಕಡೆಗೀಲು ನೋಡೇ ಹೂಡ್ತಾರೋ ತಮ್ಮಾ" ಎಂದು ಇವನು ತಿರುಗಿಯೂ ನೋಡದೆ ಉತ್ತರ ಕೊಟ್ಟ. ಆ ಹುಡುಗಿ ಕೈಮುಗಿಯುವುದೊಂದು ಬಾಕಿ.

ಒಳಗೆ ಹೋಗಿ ಕೂತೆವು. ವಿಮಾನ ಬಂದು ನಿಂತಿದ್ದು ಗಾಜಿನಾಚೆ ಕಾಣುತ್ತಿತ್ತು. ನನ್ನ ಕಣ್ಣಿನ ಪರದೆ ಮುಂಜಾನೆಗಿಂತ ಒಂದು ಬೆರಳು ಕೆಳಗಿಳಿದಿತ್ತು. ಆಗ ಮೈಕಿನಲ್ಲಿ ಹೇಳಿದರು: ತಾಂತ್ರಿಕ ಕಾರಣದಿಂದ ವಿಮಾನ ತಡವಾಗುತ್ತದೆ. ಒಂದು ತಾಸಾಯಿತು, ಎರಡಾಯಿತು. ಜನ ಎದ್ದು ಅದೇ ಹುಡುಗಿಯನ್ನು ಮುತ್ತಿದರು. ಪೈಲಟ್ಟಿನ ಮುಂದೆ ಬ್ರೇಕಿನ ಎಚ್ಚರಿಕೆಯ ದೀಪ ಹತ್ತಿದೆ, ಇಂಜಿನಿಯರ್ ನೋಡಿ ಸಹಿ ಹಾಕುವವರೆಗೆ ಬಿಡುವಂತಿಲ್ಲ, ಇಂಜಿನಿಯರ್ ಬೇರೆ ಊರಿನಿಂದ ಬರಬೇಕು ಎಂದು ಅವಳು ಹೇಳಿದಳು.

ಗರಿಗರಿ ಇಸ್ತ್ರಿಯ ಅಂಗಿ ತೊಟ್ಟ ಒಬ್ಬ ದೊಡ್ಡ ಮನುಷ್ಯ ಮೇಜು ಗುದ್ದಿದ. "ಒಂದು ಲೈಟ್ ಹತ್ತಿದ್ರ ಏನಾತು? ನನ್ನ ಜೀಪಿನಾಗ ಮೂರು ವರ್ಷದಿಂದ ಹತ್ತೇ ಅದ! ಇದೇನು ದೊಡ್ಡ ವಿಮಾನ ಏನು? ಸಣ್ಣದು, ನಡೀತದ, ಬಿಡ್ರಿ! ಪೈಲಟ್‌ಗ ಕರೀರಿ, ನಾ ಮಾತಾಡ್ತೀನಿ!"

"ನಡೀತದ, ನಡೀತದ" ಎಂದು ನಾಲ್ಕು ದನಿ ಸೇರಿದವು.

ನಿಜ ಹೇಳುತ್ತೇನೆ ಮಕ್ಕಳೇ, ನನ್ನ ಮನಸ್ಸೂ ಅದನ್ನೇ ಕೂಗಿತು. ನಡೆಯುತ್ತದೆ, ಬಿಡಿ! ನನ್ನ ಕಣ್ಣು ಹೋಗುತ್ತಿದೆ!

ಇವನು ಎದ್ದ. ಜನರನ್ನು ಸರಿಸಿ, ಹುಡುಗಿಗೂ ಆ ದೊಡ್ಡ ಮನುಷ್ಯನಿಗೂ ನಡುವೆ ಹೋಗಿ ನಿಂತ. ಅವಳು ಇವನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು, ಪಾಪ! ಇವನು ಬೆನ್ನನ್ನು ಅವಳ ಕಡೆಗಿಟ್ಟು, ಮುಖವನ್ನು ಜನರ ಕಡೆಗಿಟ್ಟ.

"ಶಾಬಾಸ್ ಅನ್ರಿ ಈ ಹುಡುಗಿಗಿ! ಸಣ್ಣ ಕಂಪನಿ ಇದ್ರೂ ನಿಲ್ಲಿಸ್ಯಾರ. ಮಿಸ್ತ್ರಿ ಫ್ಯೂಜ್ ಕಿಸೆದಾಗ ಇಟ್ಟಾನಂದ್ರ ಎಷ್ಟು ಹೊತ್ತು ಅಂತ ಕೇಳಬಾರದು. ಇಲ್ಲಿ ಯಾರೂ ಪೈಲಟ್ ಬಲ್ಲಿ ಹೋಗಂಗಿಲ್ಲ!"

ನಾನು ಎದ್ದು ಬಂದೆ. ಜನ್ಮದಲ್ಲಿ ಮೊದಲ ಸಲ ಅಷ್ಟು ಜನರ ನಡುವೆ ನನ್ನ ದನಿ ನನಗೇ ಕೇಳಿಸಿತು. "ಯಪ್ಪಾ! ನಿನ್ನ ಕಟ್ಟಳಿ ನಿನಗೇ ಇರ್ಲಿ! ನಾ ಕುಡ್ಡಿ ಆಗ್ಲಾಕತ್ತೀನಿ, ಅದರ ಖಬರ್ ಅದ ಏನು ನಿನಗ? ಮಂದಿ ಎಲ್ಲಾ ಬಿಡ್ರಿ ಅಂತಾರ, ವಿಮಾನ ಬಿಡಸು!"

ಅವನ ಮುಖ ಸುಣ್ಣದ ಗೋಡೆಯಂತಾಯಿತು. ನನ್ನನ್ನು ನೋಡಿದ. ಗಾಜಿನಾಚೆಯ ವಿಮಾನ ನೋಡಿದ. ಮೆತ್ತಗೆ ಹೇಳಿದ: "ಕಣ್ಣು ಹ್ವಾದ್ರ ನಾ ಕೈ ಹಿಡದು ನಡಸ್ತೀನಿ ವೈನಿ. ಜೀವ ಹ್ವಾದ್ರ ಯಾರ ಕೈ ಹಿಡೀಲಿ?"

ನಿಂತ ಜಾಗದಿಂದ ಅಲುಗಲಿಲ್ಲ.

ಇಂಜಿನಿಯರ್ ಆವತ್ತು ಬರಲೇ ಇಲ್ಲ. ವಿಮಾನ ರದ್ದಾಯಿತು, ಮುಂದಿನದು ನಾಡಿದ್ದು ಅಂದರು. ಆಗ ನೋಡಬೇಕಿತ್ತು ಇವನ ಅವತಾರ! ಜನರೆಲ್ಲ ಬೈದು ಸುಸ್ತಾಗಿ ಹೋದ ಮೇಲೆ ಇವನು ಬೈಯಲು ಶುರು ಮಾಡಿದ. ಹುಡುಗಿಯನ್ನಲ್ಲ, ಅವಳ ಮೇಲಿನವನನ್ನು ಕರೆಸಿ. "ನಿಲ್ಲಿಸಿದ್ದು ಸರಿ. ಆದ್ರ ದೊಡ್ಡ ಊರಾಗ ದೊಡ್ಡ ಕಂಪನಿದು ಕೆಟ್ಟಿದ್ರ ಇಷ್ಟೊತ್ತಿಗಿ ಇನ್ನೊಂದು ವಿಮಾನ ಬರ್ತಿತ್ತಿಲ್ಲ? ನಿಮ್ಮ ಬಲ್ಲಿ ಇರೋದೇ ಒಂದು, ಅದರ ಮಿಸ್ತ್ರಿ ಮತ್ತೊಂದು ಊರಾಗ! ನಿಯಮ ಇಬ್ಬರಿಗೂ ಒಂದೇ ಅಂತೀರಿ, ನಿಯಮ ಪಾಲಸಿದ್ದಕ್ಕ ನಮ್ಮ ವೈನಿ ಕಣ್ಣು ಮಾತ್ರ ದಂಡ ಕಟ್ಟಬೇಕೇನು?" ಆ ಸಾಹೇಬ ಒಂದು ಬಾಟಲಿ ನೀರು ಕೊಟ್ಟ.

ನನಗೆ ಇವತ್ತಿಗೂ ಕುದಿಯುವುದು ಆ ಪ್ರಶ್ನೆಯೇ. ಸಣ್ಣ ಊರಿನವರು ತಾವೇ ಬಂದು "ನಡೀತದ, ಬಿಡ್ರಿ" ಎಂದು ತಮ್ಮ ಜೀವ ಒಡ್ಡುವ ಹಾಗೆ ಈ ಕಂಪನಿಯವರು ಮಾಡಿಟ್ಟಿದ್ದಾರಲ್ಲ! ನಾನೂ ಒಡ್ಡಿದೆನಲ್ಲ!

ಸಂಜೆಯ ರೈಲು ಹಿಡಿದು ಹೋದೆವು. ಬೆಂಗಳೂರಿನ ಡಾಕ್ಟರು ನೋಡಿ, "ಅಜ್ಜಿ, ನಿನ್ನೆ ಬಂದಿದ್ರೆ ಚೆನ್ನಾಗಿತ್ತು. ರಾತ್ರಿ ನಡುಭಾಗವೂ ಕಳಚಿದೆ" ಅಂದರು. ಇವನು ಬಾಗಿಲ ಬಳಿ ನಿಂತು ಕೇಳಿಸಿಕೊಂಡ. ಕಣ್ಣು ಪೂರ್ತಿ ಹೋಗಲಿಲ್ಲ ಮಕ್ಕಳೇ. ಬೆಳಕು ಕಾಣುತ್ತದೆ, ಆಕಾರ ಕಾಣುತ್ತದೆ. ಅಕ್ಷರ ಮಾತ್ರ ಎಡಗಣ್ಣಿಗೆ ಸಿಗುವುದಿಲ್ಲ.

ಆಪರೇಷನ್ ಆದಮೇಲೆ ಐದು ದಿನ ಮುಖ ನೆಲಕ್ಕೆ ಮಾಡಿಯೇ ಮಲಗಬೇಕಿತ್ತು. ಕಣ್ಣೊಳಗೆ ತುಂಬಿದ ಗಾಳಿ ಪೊರೆಯನ್ನು ಒತ್ತಿ ಹಿಡಿಯಬೇಕಂತೆ. ಮಂಚದ ಅಂಚಿಗೆ ಹಣೆ ಊರಿ ಬೋರಲು ಬಿದ್ದೆ. ಒಂದು ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣಿಗೆ ಆಸ್ಪತ್ರೆಯ ನೆಲದ ಬಿಳಿ ಫರಸಿ, ಅಷ್ಟೇ. ಮಾತಾಡಿಸಲು ಬಂದವರ ಕಾಲು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಯಾಕೋ ತಡೆಯಲಾಗದೆ ಅಳು ಬಂತು. ಅತ್ತರೆ ಹೊಲಿಗೆಗೆ ತ್ರಾಸು ಎಂದು ಅದನ್ನೂ ನುಂಗಿದೆ.

ಏನೋ ಸರಿದ ಸದ್ದಾಯಿತು. ನೋಡುತ್ತೇನೆ, ನಿಮ್ಮ ಸಣ್ಣ ಮುತ್ಯಾ! ಅರವತ್ತೆಂಟು ವರ್ಷದ ಮನುಷ್ಯ, ಹೆಗಲ ಮೇಲಿನ ಟವೆಲ್ ಹಾಸಿ, ನನ್ನ ಮುಖದ ನೇರ ಕೆಳಗೆ ನೆಲದ ಮೇಲೆ ಅಂಗಾತ ಮಲಗಿದ್ದ. ನನ್ನನ್ನೇ ನೋಡುತ್ತಿದ್ದ. ನರ್ಸು ಬಂದು ಗದರಿದಳು, ಏಳಲಿಲ್ಲ.

"ಬೈರಿ ವೈನಿ" ಅಂದ. "ಏನರೆ ಬೈರಿ."

ವಿಮಾನ ನಿಲ್ದಾಣದಿಂದ ಹೊತ್ತು ತಂದ ಒಂದು ಗಾಡಿ ಬೈಗುಳ ನನ್ನ ಬಾಯಲ್ಲಿ ತಯಾರಿತ್ತು.

"ಫರಸಿ ತಣ್ಣಗದ" ಅಂದೆ. "ಬೆನ್ನು ಹಿಡೀತದ ನಿನಗ. ಚಾದರ ಹಾಸ್ಕೊ."

ಚಾದರ ಹಾಸಿಕೊಂಡ. ಐದು ದಿನವೂ ಅಲ್ಲೇ ಇದ್ದ.